‘ಅಂದು–ಇಂದು’: ಪುತ್ತೂರು, ಸುಳ್ಯ, ಕಡಬ ಸೀಮೆಯ ನೆನಪಿನ ಬರಹಗಳು – ಒಂದು ವಿಮರ್ಶೆ

1

ದಕ್ಷಿಣ ಕನ್ನಡ ಜಿಲ್ಲೆಯ ಮೂಡಣ ಸೀಮೆಯಲ್ಲಿ ಶಾಲೆಯೊಂದಕ್ಕೆ ನೂರು ವರ್ಷ ತುಂಬಿದಾಗ, ಸಹಕಾರಿ ಸಂಘವೊಂದು ಸುವರ್ಣ ಮಹೋತ್ಸವವನ್ನಾಚರಿಸಿದಾಗ, ಊರ ದೇವಸ್ಥಾನಕ್ಕೆ ಬ್ರಹ್ಮಕಲಶವಾದಾಗ ಒಂದು ಸ್ಮರಣ ಸಂಚಿಕೆಯು ಹೊರಬರುವುದು ವಾಡಿಕೆ. ಅದರ ಶುಭಸಂದೇಶಗಳನ್ನೂ ದಾನಿಗಳ ಪಟ್ಟಿಯನ್ನೂ ದಾಟಿ ಮುಂದೆ ಹೋದರೆ ಊರಿನ ಹಿರಿಯರೊಬ್ಬರು ತಾವೇ ಬರೆದ, ಅಥವಾ ಅವರು ಹೇಳಿದುದನ್ನು ಶಾಲಾ ಅಧ್ಯಾಪಕರೊಬ್ಬರು ಬರೆದುಕೊಂಡ, ‘ನಮ್ಮೂರು: ಅಂದು–ಇಂದು’ ಎಂಬ ರೀತಿಯ ಲೇಖನವೊಂದು ಕಣ್ಣಿಗೆ ಬೀಳುತ್ತದೆ. ಉತ್ಸವವು ಮುಗಿದ ಮೇಲೆ ಸಂಚಿಕೆಯು ಕಪಾಟಿನ ಮೂಲೆಯನ್ನು ಸೇರುತ್ತದೆ. ಸಾಹಿತ್ಯ ವಿಮರ್ಶಕರು ಇಂತಹ ಲೇಖನಗಳನ್ನು ಸಾಹಿತ್ಯವೆಂದು ಎಣಿಸುವುದಿಲ್ಲ. ಚರಿತ್ರಕಾರರು ಇವನ್ನು ಆಧಾರವೆಂದು ಒಪ್ಪುವುದಿಲ್ಲ. ಈ ಎರಡು ಉಪೇಕ್ಷೆಗಳೂ ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಈ ಬರಹಗಳಿಂದ ಚರಿತ್ರೆಗೆ ಏನು ದೊರೆಯುತ್ತದೆ, ಯಾವುದರ ಬಗೆಗೆ ಎಚ್ಚರ ಬೇಕು, ಇವು ಹೇಳದೆ ಉಳಿಸಿದುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಪುತ್ತೂರು, ಸುಳ್ಯ, ಕಡಬಗಳನ್ನು ಒಟ್ಟಿಗೆ ಪರಿಶೀಲಿಸಲು ಕಾರಣವಿದೆ. ಇವು ಇಂದು ಮೂರು ತಾಲೂಕುಗಳು. ಮದರಾಸು ಆಧಿಪತ್ಯದ ಕಾಲದಲ್ಲಿ ಇವೆಲ್ಲವೂ ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನಡಿ ಇದ್ದುವು. ಬಳಿಕ ಪುತ್ತೂರಿನ ಹೆಸರು ಬಂದಿತು. ಅದರಿಂದ ಸುಳ್ಯವು ಬೇರೆಯಾಯಿತು. ಇತ್ತೀಚೆಗೆ ಈ ಎರಡರಿಂದಲೂ ಗ್ರಾಮಗಳನ್ನು ತೆಗೆದು ಕಡಬ ತಾಲೂಕನ್ನು ರಚಿಸಲಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು. ನೆರೆಯ ಕಾಸರಗೋಡು ಕೇರಳಕ್ಕೆ ಹೋಯಿತು. 1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾಯಿತು. ಹೀಗಾಗಿ ಸುಬ್ರಹ್ಮಣ್ಯದ ಬಳಿ 1930ರಲ್ಲಿ ಹುಟ್ಟಿ ಅಲ್ಲಿಯೇ ಬಾಳಿದ ಒಬ್ಬ ಕೃಷಿಕನು ಮನೆಯ ಹೊಸ್ತಿಲನ್ನು ಕದಲಿಸದೆಯೇ ಹಲವು ತಾಲೂಕುಗಳಲ್ಲಿಯೂ ಎರಡು ರಾಜ್ಯಗಳಲ್ಲಿಯೂ ವಾಸ ಮಾಡಿದಂತಾಯಿತು. ಸರಕಾರಿ ಕಾಗದಗಳಲ್ಲಿ ಇವು ದೊಡ್ಡ ಬದಲಾವಣೆಗಳು. ನೆನಪಿನ ಬರಹಗಳಲ್ಲಿ ಇವಕ್ಕೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಳವಿರುವುದಿಲ್ಲ. ಬದಲಾವಣೆಯೆಂದರೆ ಯಾವುದು ಎಂಬ ವಿಷಯದಲ್ಲಿ ಕಾಗದಕ್ಕೂ ಮನುಷ್ಯನಿಗೂ ಇರುವ ಈ ಭಿನ್ನಾಭಿಪ್ರಾಯದಿಂದಲೇ ನಮ್ಮ ವಿಚಾರವು ಮೊದಲಾಗಬೇಕು.

2

ಮೊದಲು ಈ ಬರಹಗಳ ಗುಣವನ್ನು ಹೇಳಬೇಕು. ಕಾಗದಪತ್ರಗಳಲ್ಲಿ ಎಂದೂ ದೊರೆಯದ ಸಂಗತಿಗಳು ಇವುಗಳಲ್ಲಿ ದೊರೆಯುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆಯ ದಡದ ಮನೆಗಳು ದಿನಗಟ್ಟಲೆ ಒಂಟಿಯಾಗುತ್ತಿದ್ದುದು. ಅದಕ್ಕಾಗಿ ಉಪ್ಪನ್ನೂ ಒಣಮೀನನ್ನೂ ಮೆಣಸನ್ನೂ ಮುಂಚಿತವಾಗಿ ಕೂಡಿಡುತ್ತಿದ್ದುದು. ಇರುಳಿನ ದಾರಿಗೆ ತೆಂಗಿನ ಗರಿಯ ಸೂಟೆಯನ್ನು ಕಟ್ಟುತ್ತಿದ್ದ ಬಗೆ. ತಲೆಯ ಮೇಲಿನ ಅಡಕೆ ಹಾಳೆಯ ಮುಟ್ಟಾಳೆ, ನೇಜಿ ನೆಡುವ ಹೆಂಗಸರ ಬೆನ್ನಿನ ಮೇಲಿನ ಗೊರಬೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುವ ಕೈಚಳಕ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳು ವರ್ಷವನ್ನು ಹಂಚಿಕೊಂಡಿದ್ದ ಕ್ರಮ. ಕಂದಾಯದ ದಾಖಲೆಯು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿ ತೀರ್ವೆಯನ್ನು ಬರೆಯುತ್ತದೆ. ಯಾವ ಬೈಲಿನಲ್ಲಿ ಕೊಳಕೆಗೆ ನೀರು ಸಾಲುತ್ತಿತ್ತು, ಅದಕ್ಕಾಗಿ ತೋಡಿಗೆ ಕಟ್ಟ ಕಟ್ಟಲು ಯಾವ ಮನೆಗಳವರು ಸೇರುತ್ತಿದ್ದರು ಎಂಬುದನ್ನು ಬರೆಯುವುದಿಲ್ಲ. ಇಂದು ಆ ಬೈಲುಗಳ ಹೆಚ್ಚಿನ ಭಾಗದಲ್ಲಿ ಅಡಕೆ ನಿಂತಿದೆ. ಮನೆತನದ ಹೆಸರಿನ ಕೊನೆಯಲ್ಲಿ ‘ಬೈಲು’, ‘ಮಜಲು’ ಎಂಬ ಪದಗಳು ಉಳಿದುವು, ಭತ್ತವು ಹೋಯಿತು. ಆ ಭತ್ತದ ಬಾಳನ್ನು ಬಲ್ಲವರ ಮಾತಿಗೆ ಆಧಾರದ ಬೆಲೆಯಿಲ್ಲವೆಂದರೆ ಅದರ ಚರಿತ್ರೆಯೇ ಇಲ್ಲವೆಂದಂತಾಗುವುದು.

ಇಂಗ್ಲೆಂಡಿನಲ್ಲಿ ಈ ಕೆಲಸವು ಕ್ರಮವಾಗಿ ನಡೆಯಿತು. ಸಫೋಕ್ ಪ್ರಾಂತದ ಬ್ಲಾಕ್ಸ್‌ಹಾಲ್ ಎಂಬ ಹಳ್ಳಿಯಲ್ಲಿ ಜಾರ್ಜ್ ಎವರ್ಟ್ ಇವಾನ್ಸ್ ಅವರು ತಮ್ಮ ನೆರೆಯ ಮುದುಕರನ್ನು ಕುರಿ ಸಾಕಣೆ, ಕೈಕೊಯ್ಲು, ರೊಟ್ಟಿ ಸುಡುವಿಕೆಗಳ ಬಗೆಗೆ ಕೇಳಿ ಬರೆದ ಗ್ರಂಥವು 1956ರಲ್ಲಿ ಪ್ರಕಟವಾಯಿತು. ಯಂತ್ರವು ಬರುವುದಕ್ಕೆ ಮುಂಚೆ ಕೈಯಿಂದ ಹೊಲವನ್ನು ಕೊಯ್ದ ಕೊನೆಯ ತಲೆಮಾರು ಅದು. ಇವಾನ್ಸ್ ಅವರು ‘ಅಂದಿನ ದಿನಗಳು ಹೇಗಿದ್ದುವು?’ ಎಂದು ಕೇಳಿ ಸುಮ್ಮನಾಗದೆ, ಕತ್ತಿಯ ಹಿಡಿಯು ಹೇಗಿತ್ತು, ಕೊಯ್ಲಿನ ಕರಾರನ್ನು ಯಾರು ಯಾರೊಡನೆ ಮಾಡಿಕೊಳ್ಳುತ್ತಿದ್ದರು ಎಂದು ಕೆಲಸದ ಮೂಲಕ ನೆನಪನ್ನು ವಿಚಾರಿಸಿದರು. ಕೆಲಸದ ನೆನಪು ಭಾವನೆಯ ನೆನಪಿಗಿಂತ ಗಟ್ಟಿಯಾದುದು. ನಮ್ಮ ಸ್ಮರಣ ಸಂಚಿಕೆಗಳಲ್ಲಿಯೂ ಒಳ್ಳೆಯ ಭಾಗಗಳೆಲ್ಲ ಕೆಲಸವನ್ನು ವರ್ಣಿಸುವ ಭಾಗಗಳೇ ಆಗಿರುವುದನ್ನು ವಾಚಕರು ಪರೀಕ್ಷಿಸಿ ನೋಡಬಹುದು.

3

ಇನ್ನು ಎಚ್ಚರ ಬೇಕಾದ ವಿಷಯಗಳು. ಮೊದಲನೆಯದು ಕಾಲ. ನೇತ್ರಾವತಿ–ಕುಮಾರಧಾರೆಗಳ ಸಂಗಮವಾದ ಉಪ್ಪಿನಂಗಡಿಯಲ್ಲಿ 1923ರಲ್ಲಿಯೂ 1974ರಲ್ಲಿಯೂ ಮಹಾಪ್ರವಾಹಗಳು ಬಂದುವು. ತುಳುವಿನಲ್ಲಿ ‘ಮಾರಿಬೊಳ್ಳ’ ಎನ್ನುವ ಮಾತು ಎರಡಕ್ಕೂ ಸಲ್ಲುತ್ತದೆ. 1923ರದನ್ನು ಕಣ್ಣಾರೆ ಕಂಡವರು ಇಂದು ಇಲ್ಲ. ಆದರೆ ಅಜ್ಜನಿಂದ ಕೇಳಿದ ಮೊದಲನೆಯ ಬೊಳ್ಳವೂ ತಾನು ಕಂಡ ಎರಡನೆಯ ಬೊಳ್ಳವೂ ಒಂದೇ ನೆನಪಿನಲ್ಲಿ ಕೂಡಿಕೊಳ್ಳುವುದು ಸಹಜ. ಹೇಳುವವರು ಸುಳ್ಳನ್ನು ಹೇಳುತ್ತಿರುವುದಿಲ್ಲ; ಕುಟುಂಬದ ನೆನಪನ್ನು ತಮ್ಮದೆಂದು ಹೇಳುತ್ತಿರುತ್ತಾರೆ. ಚರಿತ್ರೆಯ ವಿದ್ಯಾರ್ಥಿಯು ಅವೆರಡನ್ನು ಬಿಡಿಸಬೇಕು: ನೀರು ಬಂದಾಗ ಮನೆಯಲ್ಲಿ ಯಾರು ಯಾರಿದ್ದರು, ಪೇಟೆಗೆ ಬಸ್ಸು ಬರುತ್ತಿತ್ತೋ ಇಲ್ಲವೋ ಎಂದು ಕೇಳಿದರೆ ಕಾಲವು ತಾನಾಗಿ ತಿಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ‘ಅಂದು’ ಎಂಬ ಕಾಲವು ಯಾವುದು? ಬರೆದವರೆಲ್ಲರಿಗೂ ಅದು ತಮ್ಮ ಬಾಲ್ಯ. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗವು ಪೂರ್ಣವಾದುದನ್ನು ಕಂಡವರಿಗೆ ಅದರ ಹಿಂದಿನ ಪುತ್ತೂರು ಹಳೆಯ ಪುತ್ತೂರು; ಮಾಣಿಯಿಂದ ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ ಬಸ್ಸುಗಳು ವಿರಳವಾಗಿದ್ದುದನ್ನು ಕಂಡವರಿಗೆ ಅದಕ್ಕೂ ಹಿಂದಿನದು. ರೇಮಂಡ್ ವಿಲಿಯಮ್ಸ್ ಅವರು 1973ರಲ್ಲಿ ಪ್ರಕಟಿಸಿದ ‘ದಿ ಕಂಟ್ರಿ ಅಂಡ್ ದಿ ಸಿಟಿ’ ಎಂಬ ಗ್ರಂಥದಲ್ಲಿ ಇಂಗ್ಲೆಂಡಿನ ಲೇಖಕರನ್ನು ಒಬ್ಬರಾದ ಮೇಲೊಬ್ಬರಂತೆ ಹಿಂದಕ್ಕೆ ಓದುತ್ತ ಹೋಗಿ, ಪ್ರತಿಯೊಂದು ತಲೆಮಾರೂ ಹಳ್ಳಿಯ ಸುಖವು ತನ್ನ ಕಣ್ಣೆದುರಿನಲ್ಲಿಯೇ ಮುಗಿಯಿತೆಂದು ಹೇಳಿಕೊಂಡಿರುವುದನ್ನು ತೋರಿಸಿದರು. ಹಿಂದೆ ಹೋದಷ್ಟೂ ಆ ಸುಖದ ಕಾಲವೂ ಹಿಂದೆ ಸರಿಯುತ್ತದೆ. ನಮ್ಮ ಸಂಚಿಕೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಓದಿದರೂ ಇದೇ ತತ್ತ್ವವು ಕಂಡುಬರುವುದು. ಆದುದರಿಂದ ‘ಅಂದು ಎಲ್ಲರೂ ಒಗ್ಗಟ್ಟಿನಿಂದಿದ್ದರು’ ಎಂಬ ವಾಕ್ಯವು ಅಂದಿನ ಊರಿಗಿಂತ ಇಂದಿನ ಲೇಖಕರ ಬೇಸರದ ವಿಷಯವಾಗಿ ಹೆಚ್ಚು ತಿಳಿಸುತ್ತದೆ. ಆ ಬೇಸರಕ್ಕೂ ಚರಿತ್ರೆಯಲ್ಲಿ ಸ್ಥಳವಿದೆ. ಆದರೆ ಅದನ್ನು ಅಂದಿನ ಸಂಗತಿಯೆಂದು ಎಣಿಸಬಾರದು.

ನೆನಪು ಕಾಲದೊಡನೆ ಹೇಗೆ ಬಣ್ಣ ಬದಲಾಯಿಸುತ್ತದೆಂಬುದಕ್ಕೆ ಈ ಸೀಮೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. 19ನೆಯ ಶತಮಾನದ ಆರಂಭದಲ್ಲಿ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರಿಗೆ ಸೇರಿದ್ದುವು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿಯು ಇವನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿತು. 1837ರಲ್ಲಿ ಬಂಡೆದ್ದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ತಿಂಗಳಿನಲ್ಲಿ ಮಂಗಳೂರನ್ನು ಸೇರಿ ಕೆಲವು ದಿನ ಅಲ್ಲಿ ಅಧಿಕಾರ ನಡೆಸಿದರು. ಬಂಡಾಯವು ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯು ಜನರ ಬಾಯಲ್ಲಿ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಉಳಿಯಿತು. ಆ ಹೆಸರಿನಲ್ಲಿ ಹೆಮ್ಮೆಯಿಲ್ಲ. ಪಡೆಗಳ ಓಡಾಟದಿಂದ ತೊಂದರೆಗೊಳಗಾದವರ ಕಹಿಯು ಧ್ವನಿಸುವಂತಿದೆ. ಕುಳಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಇದನ್ನು ಜನರ ಹೋರಾಟವಾಗಿ ಕಂಡರು. ಬಳಿಕ ಇದಕ್ಕೆ ‘ಅಮರ ಸುಳ್ಯದ ರೈತ ಬಂಡಾಯ’ ಎಂಬ ಹೆಸರು ನಿಂತಿತು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯು ಸ್ಥಾಪಿತವಾಯಿತು. ಹೊಸ ಹೆಸರು ಸರಿಯಾದುದೆಂದು ನಾನೂ ಒಪ್ಪುತ್ತೇನೆ. ಆದರೆ ಹಳೆಯ ಹೆಸರನ್ನು ಅಳಿಸಿದರೆ ಬಂಡಾಯದ ದಾರಿಯಲ್ಲಿದ್ದ ಮನೆಗಳು ಅದನ್ನು ಹೇಗೆ ಅನುಭವಿಸಿದುವೆಂಬ ಒಂದೇ ಒಂದು ಸಾಕ್ಷ್ಯವೂ ಅಳಿದಂತಾಗುವುದು. ವಿಮರ್ಶಕನು ಎರಡು ಹೆಸರುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು.

4

ಎರಡನೆಯದು ನೋಡುವ ಸ್ಥಾನ. ಯಾವ ಜಗಲಿಯ ಮೇಲೆ ಕುಳಿತು ಊರನ್ನು ನೋಡಲಾಗಿದೆ ಎಂಬುದನ್ನು ಕೇಳದೆ ಯಾವ ನೆನಪನ್ನೂ ಓದಬಾರದು. ಇದನ್ನು ವಿಶದಪಡಿಸಲು ಶಿವರಾಮ ಕಾರಂತರ ಎರಡು ಕಾದಂಬರಿಗಳ ನೆರವನ್ನು ಪಡೆಯುತ್ತೇನೆ. ಕೋಟದಲ್ಲಿ ಹುಟ್ಟಿದ ಕಾರಂತರು ತಮ್ಮ ಬಾಳಿನ ಬಹುಭಾಗವನ್ನು ಪುತ್ತೂರಿನಲ್ಲಿ ಕಳೆದವರು; ಈ ಸೀಮೆಯನ್ನು ಹೊರಗಿನಿಂದ ಬಂದವರ ಕುತೂಹಲದಿಂದಲೂ ಒಳಗಿನವರ ಪರಿಚಯದಿಂದಲೂ ಕಂಡವರು. ಅವರ ‘ಬೆಟ್ಟದ ಜೀವ’ (1943) ಕುಮಾರಪರ್ವತದ ತಪ್ಪಲಿನ ಕಥೆ. ಅದರ ಗೋಪಾಲಯ್ಯನು ಕಾಡನ್ನು ಕಡಿದು, ಆನೆ ಹುಲಿಗಳನ್ನೆದುರಿಸಿ ತೋಟವನ್ನು ಮಾಡಿದವನು. ಮಗನು ಮನೆಯನ್ನು ಬಿಟ್ಟು ಹೋದ ದುಃಖವನ್ನು ನುಂಗಿಕೊಂಡು ಅತಿಥಿಯನ್ನು ಆದರಿಸುವವನು. ಅದಕ್ಕೆ ಹತ್ತು ವರ್ಷ ಮುಂಚೆ ಬಂದ ‘ಚೋಮನ ದುಡಿ’ಯ (1933) ಚೋಮನು ಅಸ್ಪೃಶ್ಯನೆಂದು ದೂರವಿಟ್ಟ ಜಾತಿಯಲ್ಲಿ ಹುಟ್ಟಿ, ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯಗಾರನಾಗಬೇಕೆಂದು ಬಯಸಿ, ಆ ಬಯಕೆಯು ಈಡೇರದೆ ಸಾಯುವವನು. ಒಬ್ಬನು ನೆಲವನ್ನು ಸೃಷ್ಟಿಸಿದನು. ಮತ್ತೊಬ್ಬನಿಗೆ ಇದ್ದ ನೆಲವೂ ದೊರೆಯಲಿಲ್ಲ. ಎರಡೂ ಸತ್ಯ.

ಈಗ ನಮ್ಮ ಸ್ಮರಣ ಸಂಚಿಕೆಗಳನ್ನು ಈ ಎರಡು ಕೃತಿಗಳ ಪಕ್ಕದಲ್ಲಿಟ್ಟು ನೋಡಿದರೆ, ಅವುಗಳಲ್ಲಿನ ‘ಅಂದು’ ಹೆಚ್ಚುಕಡಮೆ ಗೋಪಾಲಯ್ಯನ ಅಂದು ಎಂಬುದು ಗೊತ್ತಾಗುತ್ತದೆ. ಕಾಡು ಕಡಿದ ಹಿರಿಯರು, ಶಾಲೆಗೆ ಜಾಗ ಕೊಟ್ಟ ಧಣಿಗಳು, ಮೊದಲ ಬಸ್ಸು, ಮೊದಲ ಅಂಗಡಿ, ಮೊದಲ ವಿದ್ಯುದ್ದೀಪ – ಇವೇ ಅಲ್ಲಿನ ಘಟನೆಗಳು. ಚೋಮನ ಮೊಮ್ಮಗಳಿಗೆ ಸಂಚಿಕೆಯಲ್ಲಿ ಪುಟವಿಲ್ಲ. ಅವಳು ಬರೆದಿದ್ದರೆ ಬದಲಾವಣೆಯ ಪಟ್ಟಿಯು ಬೇರೆಯಾಗಿರುತ್ತಿತ್ತು: ಕೂಲಿಯು ಅಕ್ಕಿಯಿಂದ ಹಣಕ್ಕೆ ತಿರುಗಿದ ವರ್ಷ, ಯಜಮಾನರ ಬಾವಿಯನ್ನು ಬಿಟ್ಟು ಬೇರೆ ನೀರು ದೊರೆತ ವರ್ಷ, ಶಾಲೆಯ ಜಗಲಿಯನ್ನು ದಾಟಿ ಒಳಗೆ ಕುಳಿತ ವರ್ಷ. ಹೆಂಗಸರ ವಿಷಯವೂ ಹೀಗೆಯೇ. ಅರ್ಧ ಶತಮಾನಕ್ಕೂ ಮಿಕ್ಕಿ ಈ ಸೀಮೆಯ ಸಾವಿರಾರು ಮನೆಗಳಲ್ಲಿ ಅಡುಗೆಯ ಉಪ್ಪೆಣ್ಣೆ, ಮಕ್ಕಳ ಪುಸ್ತಕ, ಮದುವೆಯ ಒಡವೆಗಳಿಗೆ ಹಣ ಬಂದುದು ಹೆಂಗಸರ ಮಡಿಲಿನ ಗೆರಸೆಯಲ್ಲಿ ಕಟ್ಟಿದ ಬೀಡಿಯಿಂದ. ವಾರಕ್ಕೊಮ್ಮೆ ಬೀಡಿಯ ಬ್ರಾಂಚಿಗೆ ನಡೆದು ಹೋಗಿ, ತಾನು ದುಡಿದ ಹಣವನ್ನು ತನ್ನ ಕೈಯಲ್ಲಿಯೇ ಎಣಿಸಿಕೊಂಡ ಮೊದಲ ತಲೆಮಾರು ಅದು. ಇದಕ್ಕಿಂತ ದೊಡ್ಡ ಬದಲಾವಣೆಯು ಒಂದು ಮನೆಯಲ್ಲಿ ಯಾವುದಿದ್ದೀತು? ಆದರೆ ‘ಅಂದು–ಇಂದು’ ಲೇಖನಗಳಲ್ಲಿ ಬೀಡಿಯ ಹೆಸರು ಕಾಣುವುದು ಅಪರೂಪ.

5

ಮೂರನೆಯದು ಮೌನ. ನನ್ನ ಮುಖ್ಯವಾದ ಮಾತು ಇಲ್ಲಿದೆ.

1974ನೆಯ ಇಸವಿಯನ್ನು ಉಪ್ಪಿನಂಗಡಿಯ ಸುತ್ತಲಿನವರು ಮರೆತಿಲ್ಲ; ಬೊಳ್ಳದ ನೀರು ಯಾವ ಗೋಡೆಯ ಯಾವ ಎತ್ತರಕ್ಕೆ ಬಂದಿತ್ತೆಂದು ಕೈಯಿಟ್ಟು ತೋರಿಸಬಲ್ಲರು. ಅದೇ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ ಗೇಣಿಯ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿ, ಉಳುವ ಒಕ್ಕಲು ಅರ್ಜಿ ಕೊಟ್ಟು ಅದರ ಹಕ್ಕನ್ನು ಪಡೆಯುವಂತಾಯಿತು. ಜಿಲ್ಲೆಯ ಬಾಳಿನಲ್ಲಿ ಇದು ಬೊಳ್ಳಕ್ಕಿಂತ ಎಷ್ಟೋ ಮಡಿ ದೊಡ್ಡ ಘಟನೆ. ಮೂಲಗೇಣಿದಾರನಿಗೆ ಹಿಂದೆಯೂ ಸ್ವಲ್ಪ ಭದ್ರತೆಯಿದ್ದಿತು. ಚಾಲಗೇಣಿಯ ಒಕ್ಕಲಿಗೆ ವರ್ಷದ ಮೇಲೆ ವರ್ಷ ಎಬ್ಬಿಸುವ ಭಯವಿದ್ದಿತು. ಮುಡಿ ಅಕ್ಕಿಯನ್ನು ಹೊತ್ತು ಧಣಿಗಳ ಮನೆಯ ಅಂಗಳದಲ್ಲಿ ಇಳಿಸಿ, ಅಳತೆಯು ಮುಗಿಯುವವರೆಗೆ ಕೈಕಟ್ಟಿ ನಿಂತವನ ಮಗನು ಅದೇ ಗದ್ದೆಗೆ ಒಡೆಯನಾದನು. ಅತ್ತ, ಗೇಣಿಯ ಅಕ್ಕಿಯಿಂದಲೇ ಬಾಳುತ್ತಿದ್ದ ಸಣ್ಣ ಒಡೆಯರ ಎಷ್ಟೋ ಮನೆಗಳು ಬರಿದಾದುವು. ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಹೋದರು. ಎರಡು ಕಡೆಯ ಅನುಭವವೂ ಚರಿತ್ರೆಯೇ. ಹೀಗಿರುತ್ತ ಸಂಚಿಕೆಗಳ ಹಿರಿಯರು ಬೊಳ್ಳವನ್ನು ಪುಟಗಟ್ಟಲೆ ವರ್ಣಿಸಿ, ‘ಡಿಕ್ಲರೇಶನ್’ ಎಂದು ಊರವರೆಲ್ಲ ಮಾತಿನಲ್ಲಿ ಹೇಳುವ ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟುವುದೇಕೆ?

ಕಾರಣವು ಮರೆವಲ್ಲ. ಸಂಚಿಕೆಯೆಂಬುದು ಊರು ಒಟ್ಟಾದ ಸಂದರ್ಭದ ಪುಸ್ತಕ. ಅರ್ಜಿ ಕೊಟ್ಟವನ ಮಗನೂ ಭೂಮಿ ಕಳೆದುಕೊಂಡವನ ಮಗನೂ ಒಂದೇ ಜೀರ್ಣೋದ್ಧಾರ ಸಮಿತಿಯಲ್ಲಿ ಕುಳಿತಿರುತ್ತಾರೆ. ಅಲ್ಲಿ ಆ ಮಾತನ್ನೆತ್ತದಿರುವುದು ಲೋಕಜ್ಞಾನ. ಊರು ಬಾಳಬೇಕಾದರೆ ಕೆಲವು ಸಂಗತಿಗಳನ್ನು ಬರೆಯದೆ ಬಿಡಬೇಕಾಗುತ್ತದೆಂಬುದನ್ನು ನಾವು ಗೌರವಿಸೋಣ. ಆದರೆ ಊರಿನ ವಿವೇಕವನ್ನು ಚರಿತ್ರೆಯ ಸಾಕ್ಷ್ಯವೆಂದು ಓದಲಾಗದು. ಸಂಚಿಕೆಯಲ್ಲಿಲ್ಲವಾದುದರಿಂದ ನಡೆಯಲಿಲ್ಲ, ಅಥವಾ ಮುಖ್ಯವಾಗಿರಲಿಲ್ಲ ಎಂದು ವಿದ್ಯಾರ್ಥಿಯು ತೀರ್ಮಾನಿಸಿದರೆ ದೊಡ್ಡ ಪ್ರಮಾದವಾಗುವುದು.

ನೆನಪಿಗೆ ಆಧಾರದ ಬೆಲೆಯಿಲ್ಲವೆನ್ನುವ ಚರಿತ್ರಕಾರರು ಇಲ್ಲಿ ಇನ್ನೊಂದು ವಿಷಯವನ್ನು ಯೋಚಿಸಬೇಕು. ಚಾಲಗೇಣಿಯು ಬಾಯಿಮಾತಿನ ಮೇಲೆಯೇ ನಡೆದಿದ್ದ ಕಡೆಗಳಲ್ಲಿ ಗೇಣಿಚೀಟಾಗಲಿ ರಶೀದಿಯಾಗಲಿ ಇರಲಿಲ್ಲ. ಆಗ ಭೂನ್ಯಾಯಮಂಡಳಿಯ ಮುಂದೆ ನೆರೆಕರೆಯವರು ನಿಂತು, ಈ ಗದ್ದೆಯನ್ನು ಉಳುತ್ತಿದ್ದವನು ಇವನು, ಗೇಣಿಯನ್ನು ಇಂತಹ ಮನೆಗೆ ಹೊತ್ತವನು ಇವನು ಎಂದು ಹೇಳಬೇಕಾಯಿತು. ಅಂದರೆ ಈ ಸೀಮೆಯ ಇಂದಿನ ಭೂಹಕ್ಕಿನ ಒಂದು ಭಾಗವು ನೆನಪಿನ ಸಾಕ್ಷಿಯ ಮೇಲೆಯೇ ನಿಂತಿದೆ. ಕಾಗದವು ನೆನಪನ್ನು ಅಲ್ಲಗಳೆಯುವ ಮುಂಚೆ, ಆ ಕಾಗದವು ಹುಟ್ಟಿದುದೇ ನೆನಪಿನಿಂದ ಎಂಬುದನ್ನು ಸ್ಮರಿಸುವುದು ಒಳ್ಳೆಯದು.

ಇನ್ನೂ ಒಂದು ಮೌನವನ್ನು ಇಲ್ಲಿಯೇ ಹೇಳಬೇಕು. ಕಾಯಿದೆಯು ಭೂಮಿಯನ್ನು ಕೊಟ್ಟುದು ಗೇಣಿದಾರನಿಗೆ. ಚೋಮನಿಗೆ ಗೇಣಿಯೇ ಇರಲಿಲ್ಲ. ಅವನು ಬಯಸಿದುದೇ ಗೇಣಿಯನ್ನು. ಆದುದರಿಂದ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ವರ್ಷದಲ್ಲಿಯೂ ಉಳುವ ಕೂಲಿಯಾಳುಗಳಲ್ಲಿ ಹಲವರಿಗೆ ಮನೆಯಡಿಯ ಜಾಗಕ್ಕಿಂತ ಹೆಚ್ಚಿನದು ದೊರೆಯಲಿಲ್ಲ. ಒಡೆಯರ ನೆನಪು, ಒಕ್ಕಲಿನ ನೆನಪು ಎಂಬ ಎರಡನ್ನು ಕೂಡಿಸಿದರೂ ಊರಿನ ನೆನಪು ಪೂರ್ಣವಾಗದಿರುವುದು ಇದರಿಂದ.

6

ಹೊರಗಿನಿಂದ ಬಂದು ನೆಲೆಸಿದವರ ನೆನಪುಗಳೂ ಸಂಚಿಕೆಗಳಿಗೆ ಸೇರಿಲ್ಲ. ತಿರುವಾಂಕೂರಿನ ಕಡೆಯಿಂದ ಬಂದ ಸಿರಿಯನ್ ಕ್ರೈಸ್ತ ಕೃಷಿಕರು ಕಡಬ, ನೆಲ್ಯಾಡಿಗಳ ಸುತ್ತಲಿನ ಗುಡ್ಡಗಳಲ್ಲಿ ರಬ್ಬರನ್ನು ಬೆಳೆಸಿದರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಸಿಂಹಳದ ಚಹಾ ತೋಟಗಳಿಂದ ಹಿಂದಿರುಗಿದ ತಮಿಳು ಕುಟುಂಬಗಳಲ್ಲಿ ಕೆಲವನ್ನು ಸುಳ್ಯ, ಪುತ್ತೂರು ಭಾಗಗಳ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಳಿಸಲಾಯಿತು. ಅವರ ‘ಅಂದು’ ಸಮುದ್ರದಾಚೆಯದು, ‘ಇಂದು’ ಇಲ್ಲಿಯದು. ಊರಿನ ಬದಲಾವಣೆಯನ್ನು ಕುರಿತ ಲೇಖನಗಳಲ್ಲಿ ಇವರು ಬದಲಾವಣೆಯ ಕುರುಹಾಗಿ ಬರುತ್ತಾರೆಯೇ ಹೊರತು ಅದನ್ನು ಕಂಡವರಾಗಿ ಬರುವುದಿಲ್ಲ.

ಭಾಷೆಯೂ ಇದಕ್ಕೆ ಒಂದು ಕಾರಣ. ಈ ಸೀಮೆಯ ನೆನಪು ಇರುವುದು ತುಳುವಿನಲ್ಲಿ, ಸುಳ್ಯದ ಗೌಡರ ಅರೆಭಾಷೆಯಲ್ಲಿ, ಹವ್ಯಕರ ಕನ್ನಡದಲ್ಲಿ, ಬ್ಯಾರಿ, ಕೊಂಕಣಿ, ಮಲಯಾಳ, ತಮಿಳುಗಳಲ್ಲಿ. ಬರೆಯುವಾಗ ಎಲ್ಲವೂ ಗ್ರಾಂಥಿಕ ಕನ್ನಡವಾಗುತ್ತದೆ. ಏಣೆಲು, ಸುಗ್ಗಿ, ಕೊಳಕೆಗಳು ‘ಮೂರು ಬೆಳೆ’ಗಳಾಗುತ್ತವೆ, ಮುಡಿಯು ‘ಮೂಟೆ’ಯಾಗುತ್ತದೆ, ಕುಮ್ಕಿಯ ಸೊಪ್ಪು ಕಟ್ಟಿಗೆಯ ಹಕ್ಕು ‘ಕಾಡಿನ ಉಪಯೋಗ’ವಾಗುತ್ತದೆ. ಪದವು ಹೋದಾಗ ಅದರೊಳಗಿನ ಸಂಬಂಧವೂ ಹೋಗುತ್ತದೆ. ಕನ್ನಡದ ಮೇಲಿನ ಅಭಿಮಾನಕ್ಕೆ ಇದರಿಂದ ಕುಂದೇನೂ ಇಲ್ಲ. ಹೇಳಿದವರ ಪದವನ್ನು ಹಾಗೆಯೇ ಉಳಿಸಿಕೊಂಡು ಕನ್ನಡದಲ್ಲಿ ವಿವರಿಸುವುದು ಕನ್ನಡವನ್ನು ಸಮೃದ್ಧಗೊಳಿಸುವ ಕೆಲಸವೇ ಸರಿ.

7

ಇಷ್ಟೆಲ್ಲವನ್ನೂ ಕೇಳಿದವರು ಒಂದು ಆಕ್ಷೇಪವನ್ನೆತ್ತಬಹುದು. ಹಿರಿಯರೊಬ್ಬರು ಪ್ರೀತಿಯಿಂದ ಬರೆದ ನಾಲ್ಕು ಪುಟಗಳಿಗೆ ಈ ಪರಿಯ ಪರೀಕ್ಷೆಯೇಕೆ? ನೆನಪು ಅಪೂರ್ಣವೆಂಬುದು ಯಾರಿಗೆ ತಿಳಿಯದು? ಇದಕ್ಕೆ ಎಂ. ಎನ್. ಶ್ರೀನಿವಾಸರ ಉದಾಹರಣೆಯನ್ನು ಕೊಡಬಹುದು. ಮೈಸೂರು ಬಳಿಯ, ಅವರು ರಾಂಪುರವೆಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ನಡೆಸಿದ ಅಧ್ಯಯನದ ಪರಿಷ್ಕೃತ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಬೆಂಕಿಗಾಹುತಿಯಾದುವು. ಅವರು ನೆನಪನ್ನೇ ಪ್ರಧಾನವಾಗಿ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಸಮಾಜಶಾಸ್ತ್ರದ ಮಾನ್ಯ ಗ್ರಂಥವಾಯಿತು. ತಾನು ಯಾರ ಮನೆಯಲ್ಲಿದ್ದೆ, ಯಾರ ಸ್ನೇಹ ದೊರೆಯಿತು, ಯಾವ ಕೇರಿಗೆ ಹೆಚ್ಚಾಗಿ ಹೋಗಲಾಗಲಿಲ್ಲ ಎಂಬುದನ್ನು ಅದರಲ್ಲಿ ಅವರು ಮುಚ್ಚಿಡಲಿಲ್ಲ. ನೋಡುವ ಸ್ಥಾನವನ್ನು ತಿಳಿಸಿದ ನೆನಪು ಅಪೂರ್ಣವಾಗಿದ್ದರೂ ಉಪಯುಕ್ತ. ನಾವು ನಮ್ಮ ಹಿರಿಯರಿಂದ ಬಯಸಬೇಕಾದುದು ಅಷ್ಟೇ. ಅವರು ಅದನ್ನು ತಿಳಿಸದಿದ್ದಲ್ಲಿ ಕೇಳಿ ಬರೆದುಕೊಳ್ಳುವ ಹೊಣೆಯು ನಮ್ಮದು.

ಬದಲಾವಣೆಯೆಲ್ಲವೂ ನಷ್ಟವೆಂದು ಈ ಲೇಖನದ ಅರ್ಥವಲ್ಲ. ಸುಳ್ಯದ ಅರಂಬೂರಿನಲ್ಲಿ 1989ರಲ್ಲಿ ಗಿರೀಶ ಭಾರದ್ವಾಜರು ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯು ಆಚೆ ದಡದವರಿಗೆ ಮಳೆಗಾಲದ ಶಾಲೆಯನ್ನೂ ವೈದ್ಯರನ್ನೂ ಸಮೀಪಕ್ಕೆ ತಂದಿತು. ಅಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ಅವರು ಮುಂದೆ ಕಟ್ಟಿದರು. ಅಡಕೆಯ ಬೆಲೆಯು ಕುಸಿದ ಸಂಕಟದಿಂದ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಹುಟ್ಟಿತು; 1986ರಲ್ಲಿ ಅದರ ಚಾಕೊಲೇಟು ಕಾರ್ಖಾನೆಯು ಪುತ್ತೂರಿನಲ್ಲಿ ಆರಂಭವಾಗಿ ಕೊಕ್ಕೊ ಬೆಳೆದವರಿಗೆ ಆಸರೆಯಾಯಿತು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಸ್ಥಾಪಿತವಾದ ಮೇಲೆ ಒಕ್ಕಲಿನ ಮಕ್ಕಳೂ ಕೂಲಿಯವರ ಮಕ್ಕಳೂ ಊರಿನ ಸಮೀಪದಲ್ಲಿಯೇ ಪದವಿಯನ್ನು ಪಡೆದರು. ಇಂತಹ ಕಾಲೇಜುಗಳಲ್ಲಿ ಪಾಠ ಹೇಳುವವರೂ ಓದುವವರೂ ಆದ ನಮಗೆ ಈ ಸೀಮೆಯ ನೆನಪನ್ನು ಬರೆದಿಡುವ ವಿಶೇಷ ಋಣವಿದೆ.

ಮಾಡಬೇಕಾದ ಕೆಲಸವು ಸರಳವಾದುದು. ರಜಾದಿನಗಳಲ್ಲಿ ಚರಿತ್ರೆಯ ವಿದ್ಯಾರ್ಥಿಯು ತನ್ನ ಊರಿನ ಮೂರು ಮನೆಗಳಿಗೆ ಹೋಗಲಿ: ಗೇಣಿ ಪಡೆದವರ ಮನೆ, ಗೇಣಿ ಕೊಟ್ಟವರ ಮನೆ, ಗೇಣಿಯೇ ಇಲ್ಲದೆ ದುಡಿದವರ ಮನೆ. ಮೂರು ಕಡೆಗಳಲ್ಲಿಯೂ ಅದೇ ಪ್ರಶ್ನೆಗಳನ್ನು ಕೇಳಲಿ. ‘ಅಂದು ಹೇಗಿತ್ತು’ ಎಂಬುದಕ್ಕೆ ಮುಂಚೆ ‘ಅಂದು ನಿಮ್ಮ ಕೆಲಸ ಏನಿತ್ತು’ ಎಂದು ಕೇಳಲಿ. ಮನೆಯ ಹೆಂಗಸರನ್ನು ಬೇರೆಯಾಗಿ ಮಾತನಾಡಿಸಲಿ. ಹೇಳಿದವರ ಭಾಷೆಯ ಪದಗಳನ್ನು ಹಾಗೆಯೇ ಬರೆದುಕೊಳ್ಳಲಿ. ಹೆಸರು ಪ್ರಕಟವಾಗಬಾರದೆಂದು ಅವರು ಬಯಸಿದರೆ ಆ ಮಾತನ್ನು ಕಡ್ಡಾಯವಾಗಿ ಪಾಲಿಸಲಿ. ಒಂದೇ ಊರಿನಲ್ಲಿ ಒಟ್ಟಿಗೆ ಬಾಳಬೇಕಾದವರು ಅವರು. ಹೀಗೆ ಸಂಗ್ರಹಿಸಿದುದನ್ನು ಕಾಲೇಜಿನ ಗ್ರಂಥಾಲಯದಲ್ಲಿಡಲಿ.

ಈ ಕೆಲಸಕ್ಕೆ ಕಾಲವು ಹೆಚ್ಚಿಲ್ಲ. 1974ರಲ್ಲಿ ಇಪ್ಪತ್ತು ವರ್ಷದವನಾಗಿ ನ್ಯಾಯಮಂಡಳಿಯ ಮುಂದೆ ತಂದೆಯ ಪಕ್ಕದಲ್ಲಿ ನಿಂತವನಿಗೆ ಇಂದು ಎಪ್ಪತ್ತು ದಾಟಿದೆ. ಮುಡಿ ಕಟ್ಟಬಲ್ಲ ಕೈಗಳು ಬೆರಳೆಣಿಕೆಗೆ ಇಳಿದಿವೆ. ಶಾಸನವಾದರೆ ಮುಂದಿನ ತಲೆಮಾರಿನವರು ಓದಿಯಾರು. ಮನುಷ್ಯನ ನೆನಪು ಹಾಗೆ ಕಾಯುವುದಿಲ್ಲ.